ಗಂಡೆದೆ, ಹೆಂಗರುಳು

ಕನ್ನಡದಲ್ಲಿ ಧೈರ್ಯ ವಾಸವಾಗಿರುವುದು ಎದೆಯಲ್ಲಿ. ಎದೆಗಾರ, ಎಂಟೆದೆಯ ಬಂಟ, ಗುಂಡಿಗೆ ಇದ್ದವನು ಎಂದೆಲ್ಲ ನಾವು ಹೊಗಳುವುದು ಹೆಚ್ಚಾಗಿ ಗಂಡಸರನ್ನು. ಹೆಂಗಸೊಬ್ಬಳು ಧೈರ್ಯ ತೋರಿದರೂ ಆ ಕೀರ್ತಿ ಅವಳಿಗೆ ಪೂರ್ತಿ ದಕ್ಕುವುದಿಲ್ಲ, 'ಅವಳದು ಗಂಡೆದೆ ಕಣ್ರೀ' ಎಂದುಬಿಡುತ್ತೇವೆ. ಮರುಕಕ್ಕೆ, ಮಮತೆಗೆ ನಮ್ಮ ಭಾಷೆ ಬೇರೆ ಜಾಗ ಕೊಟ್ಟಿದೆ. ಅದು ಕರುಳು. ಮಗು ಬಿದ್ದರೆ ತಾಯಿಯ ಕರುಳು ಚುರ್ ಎನ್ನುತ್ತದೆ, ಮಕ್ಕಳು ಕರುಳಿನ ಕುಡಿಗಳಾಗುತ್ತಾರೆ, ದಯಾಳುವಾದ ಗಂಡಸಿಗೂ 'ಹೆಂಗರುಳಿನವನು' ಎಂಬ ಬಿರುದು ಸಿಗುತ್ತದೆ. ಹೀಗೆ ಗಂಡಿಗೆ ಎದೆಯೆಂದೂ ಹೆಣ್ಣಿಗೆ ಕರುಳೆಂದೂ ಪಾಲು ಮಾಡಿದವರು ಯಾರೋ, ಪಾಲಂತೂ ಆಗಿಹೋಗಿದೆ.

ಈ ಪಾಲು ಮಾತಿನಲ್ಲಷ್ಟೇ ಉಳಿದಿದ್ದರೆ ಹೆಚ್ಚು ತೊಂದರೆಯಿರಲಿಲ್ಲ. ಆದರೆ ಹೃದ್ರೋಗದ ಚರಿತ್ರೆಯನ್ನು ಓದುತ್ತ ಹೋದಾಗ, ವೈದ್ಯಲೋಕವೂ ಬಹುಕಾಲ ಹೆಚ್ಚುಕಡಿಮೆ ಇದೇ ಪಾಲನ್ನು ಒಪ್ಪಿಕೊಂಡಿತ್ತೆಂದು ನನಗೆ ತೋರಿತು. ಗಂಡಸು ಎದೆ ಹಿಡಿದುಕೊಂಡರೆ ಹೃದಯ. ಹೆಂಗಸು ಎದೆ ಹಿಡಿದುಕೊಂಡರೆ ಗ್ಯಾಸು, ವಾಯು, ಇಲ್ಲವೆ ಮನಸ್ಸಿನ ತಳಮಳ. ನಾನು ವೈದ್ಯಳಲ್ಲ. ಸಮಾಜ ವಿಜ್ಞಾನ ಪಾಠ ಹೇಳುವ ಶಾಲಾ ಶಿಕ್ಷಕಿ. ಆದ್ದರಿಂದ ಇಲ್ಲಿ ಔಷಧಿ ಹೇಳಿಕೊಡುವುದಕ್ಕಿಂತ ಚರಿತ್ರೆಯ ಕೆಲವು ಪುಟಗಳನ್ನು ನಿಮ್ಮೆದುರು ತೆರೆಯುವುದು ನನಗೆ ಹೆಚ್ಚು ಒಪ್ಪುವ ಕೆಲಸ.

ಮೊದಲ ಪುಟದಲ್ಲಿಯೇ ಒಂದು ಸೋಜಿಗವಿದೆ. ವೈದ್ಯರ ಕೊರಳಲ್ಲಿ ತೂಗುವ ಸ್ಟೆತಾಸ್ಕೋಪ್ ಹುಟ್ಟಿದ್ದು ಒಬ್ಬ ಹೆಣ್ಣುಮಗಳ ಹೃದಯವನ್ನು ಕೇಳಿಸಿಕೊಳ್ಳಲು. 1816ರಲ್ಲಿ ಪ್ಯಾರಿಸಿನ ನೆಕರ್ ಆಸ್ಪತ್ರೆಯಲ್ಲಿ ರೆನೆ ಲೆನೆಕ್ ಎಂಬ ವೈದ್ಯನ ಬಳಿಗೆ ಹೃದಯದ ತೊಂದರೆಯ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಆಗೆಲ್ಲ ವೈದ್ಯರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಬಡಿತ ಕೇಳುತ್ತಿದ್ದರು. ಹರೆಯದ ಹೆಣ್ಣಿನ ಎದೆಗೆ ಕಿವಿಯಿಡಲು ಸಂಕೋಚ. ಮೈತುಂಬಿಕೊಂಡಿದ್ದ ಅವಳ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿದರೂ ಏನೂ ತಿಳಿಯಲಿಲ್ಲ. ಲೆನೆಕ್ ಕಾಗದದ ಹಾಳೆಗಳನ್ನು ಕೊಳವೆಯಂತೆ ಸುರುಳಿ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟುಕೊಂಡ. ಬಡಿತ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ಹೆಣ್ಣಿನ ಹೃದಯಕ್ಕೆಂದು ಹುಟ್ಟಿದ ಉಪಕರಣ ಹೀಗೆ ಲೋಕಕ್ಕೆಲ್ಲ ಬಂತು.

ಮುಂದಿನ ಕಥೆ ತಿಳಿಯಬೇಕಾದರೆ ಹೃದಯವೆಂಬುದು ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ನೋಡಬೇಕು. ಅದು ನಮ್ಮ ನಮ್ಮ ಮುಷ್ಟಿಯಷ್ಟು ಗಾತ್ರದ ಸ್ನಾಯು. ಎದೆಗೂಡಿನ ನಡುವೆ, ತುಸು ಎಡಕ್ಕೆ ವಾಲಿಕೊಂಡಿದೆ. ನಿಮಿಷಕ್ಕೆ 72 ಬಡಿತವೆಂದು ಹಿಡಿದರೂ ದಿನಕ್ಕೆ ಒಂದು ಲಕ್ಷಕ್ಕೂ ಮೀರಿ ಬಡಿಯುತ್ತದೆ. ಅದರೊಳಗೆ ಸದಾ ರಕ್ತ ತುಂಬಿ ಹರಿಯುತ್ತಿದ್ದರೂ ಆ ರಕ್ತದಿಂದ ಹೃದಯದ ಹಸಿವು ತೀರುವುದಿಲ್ಲ. ನಮ್ಮ ಕಡೆಯ ಗದ್ದೆಗಳನ್ನು ನೆನೆಸಿಕೊಳ್ಳಿ. ಪಕ್ಕದಲ್ಲಿಯೇ ಕಾವೇರಿ ತುಂಬಿ ಹರಿದರೂ ಗದ್ದೆಗೆ ನೀರು ಬರಬೇಕಾದರೆ ತೋಡೇ ಬೇಕು. ತೋಡಿಗೆ ಮಣ್ಣು ಕುಸಿದರೆ ಹೊಳೆಯ ಪಕ್ಕದ ಗದ್ದೆಯೇ ಒಣಗುತ್ತದೆ. ಹೃದಯದ ಮೇಲೆ ಹಬ್ಬಿರುವ ಕರೋನರಿ ರಕ್ತನಾಳಗಳು ಇಂಥ ತೋಡುಗಳು. ವರ್ಷಾನುಗಟ್ಟಲೆ ಅವುಗಳ ಒಳಗೋಡೆಯಲ್ಲಿ ಕೊಬ್ಬು ಸೇರುತ್ತ ಹೋಗಿ, ಒಂದು ದಿನ ಆ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಆಗುವುದೇ ಹೃದಯಾಘಾತ. ನೀರು ಸಿಗದ ಭಾಗ ಗಂಟೆ ಗಂಟೆಗೂ ಸಾಯುತ್ತ ಹೋಗುತ್ತದೆ.

ಇದನ್ನು ಬದುಕಿರುವ ರೋಗಿಯಲ್ಲಿ ಗುರುತಿಸಬಹುದು, ಹೀಗಾದವರೆಲ್ಲ ಆ ಕ್ಷಣವೇ ಸಾಯುವುದಿಲ್ಲ ಎಂದು ಅಮೆರಿಕದ ಜೇಮ್ಸ್ ಹೆರಿಕ್ ಬರೆದದ್ದು 1912ರಲ್ಲಿ. ಗುರುತಿಸಲು ನೆರವಾಗುವ ಇಸಿಜಿ ಯಂತ್ರವನ್ನು ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಹಾಲೆಂಡಿನ ವಿಲೆಮ್ ಐಂಥೋವನ್ ರೂಪಿಸಿದ್ದ. ಮೊದಲ ಯಂತ್ರ 270 ಕಿಲೋ ತೂಗುತ್ತಿತ್ತಂತೆ. ರೋಗಿ ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕಿತ್ತು. ಇಂದು ನಮ್ಮ ಊರಿನ ಸಣ್ಣ ಆಸ್ಪತ್ರೆಯಲ್ಲೂ ಹತ್ತು ನಿಮಿಷದೊಳಗೆ ತೆಗೆಯುವ ಆ ಗೀರುಗಳ ಕಾಗದಕ್ಕಾಗಿ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು.

ಕೊಡಗಿನವರಾದ ನಮಗೆ ಹೃದಯಾಘಾತವೆಂದರೆ ನೆನಪಿಗೆ ಬರುವ ದೊಡ್ಡ ಹೆಸರು ಜನರಲ್ ತಿಮ್ಮಯ್ಯನವರದು. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದವರು. 1957ರಿಂದ 1961ರವರೆಗೆ ಭಾರತದ ಸೇನಾ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೆ, 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ ಹೋದರು. 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗಿನ್ನೂ 59 ವರ್ಷ. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ, ಯುದ್ಧದಲ್ಲಿ ಗುಂಡಿಗೆ ಸಿಕ್ಕದವರನ್ನು ಕಾಯಿಲೆ ಹೇಗೆ ಕೊಂಡೊಯ್ದಿತು ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ.

1965ರಲ್ಲಿ ಹೃದಯಾಘಾತವಾದವರಿಗೆ ವೈದ್ಯರು ಮಾಡಬಹುದಾಗಿದ್ದದ್ದು ಬಹಳ ಕಡಿಮೆ. ನೋವಿಗೆ ಮಾರ್ಫಿನ್, ಉಸಿರಿಗೆ ಆಮ್ಲಜನಕ, ವಾರಗಟ್ಟಲೆ ವಿಶ್ರಾಂತಿ. ನಿಂತ ಹೃದಯವನ್ನು ಎದೆಯ ಮೇಲಿನಿಂದ ಒತ್ತಿ ಮತ್ತೆ ಹೊರಡಿಸುವ ವಿಧಾನ ಪ್ರಕಟವಾಗಿ ಐದೇ ವರ್ಷವಾಗಿತ್ತು. ಹೃದ್ರೋಗಿಗಳಿಗೆಂದೇ ವಿಶೇಷ ವಾರ್ಡುಗಳು 1960ರ ದಶಕದ ಆರಂಭದಲ್ಲಿ ಪರದೇಶಗಳಲ್ಲಿ ಆಗತಾನೆ ತೆರೆಯುತ್ತಿದ್ದವು. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ಅಗಲಿಸುವ ಆಂಜಿಯೋಪ್ಲಾಸ್ಟಿಯನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಜೂರಿಕ್‌ನಲ್ಲಿ ಮೊದಲ ಬಾರಿಗೆ ಮಾಡಿದ್ದು 1977ರಲ್ಲಿ. ಅಂದರೆ ತಿಮ್ಮಯ್ಯನವರು ತೀರಿಕೊಂಡ ಹನ್ನೆರಡು ವರ್ಷಗಳ ನಂತರ.

ಆ ಕಾಲದಲ್ಲಿ ಹೃದಯಾಘಾತವೆಂದರೆ ಜನರ ಮನಸ್ಸಿನಲ್ಲಿ ಮೂಡುತ್ತಿದ್ದ ಚಿತ್ರವೂ ಇಂಥದೇ. ದೊಡ್ಡ ಹೊಣೆ ಹೊತ್ತ, ಐವತ್ತು ದಾಟಿದ ಗಂಡಸು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಪತ್ರಿಕೆಗಳು ದಿನದಿನವೂ ಅದನ್ನು ವರದಿ ಮಾಡಿದವು. ತಿಮ್ಮಯ್ಯನವರು ತೀರಿಕೊಂಡ ಕೆಲವೇ ವಾರಗಳಲ್ಲಿ, 1966ರ ಜನವರಿಯಲ್ಲಿ, ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ಹೃದಯಾಘಾತದಿಂದ ನಿಧನರಾದರೆಂದು ಪ್ರಕಟವಾಯಿತು. ಹಾಗಾದರೆ ಹೆಂಗಸರು? 1964ರಲ್ಲಿ ಅಮೆರಿಕದ ಓರೆಗಾನ್ ಪ್ರಾಂತ್ಯದಲ್ಲಿ ಅಲ್ಲಿನ ಹೃದಯ ಸಂಘ ಮಹಿಳೆಯರಿಗಾಗಿಯೇ ಹೃದ್ರೋಗದ ಸಮ್ಮೇಳನವೊಂದನ್ನು ನಡೆಸಿತು. ಸಾವಿರಾರು ಹೆಂಗಸರು ಸೇರಿದ್ದರು. ಸಮ್ಮೇಳನದ ಹೆಸರು 'ಹೃದಯಗಳು ಮತ್ತು ಗಂಡಂದಿರು'. ಗಂಡನ ಹೃದಯವನ್ನು ಹೇಗೆ ಕಾಪಾಡಿಕೊಳ್ಳಬೇಕು, ಅವನಿಗೆ ಏನು ಬೇಯಿಸಿ ಹಾಕಬೇಕು ಎಂಬುದೇ ಅಲ್ಲಿ ಕಲಿಸಿದ ಪಾಠ. ಬಂದಿದ್ದ ಹೆಂಗಸರಿಗೂ ಎದೆಯೊಳಗೆ ಒಂದೊಂದು ಹೃದಯವಿತ್ತಲ್ಲ ಎಂದು ಇಂದು ನಮಗೆ ನಗು ಬರಬಹುದು. ಆದರೆ ನಮ್ಮ ಮನೆಗಳಲ್ಲಿ ನಡೆಯುತ್ತಿದ್ದದ್ದು ಇದಕ್ಕಿಂತ ಬೇರೆಯೇ?

ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ವಿರಾಜಪೇಟೆಯ ಕಡೆ ಕಾಫಿತೋಟದ ನಡುವಿನ ಮನೆ. 1989ರಲ್ಲಿ ದೊಡ್ಡಪ್ಪ ಒಂದು ಬೆಳಗ್ಗೆ ಎದೆನೋವೆಂದರು. ತೋಟದ ಜೀಪಿನಲ್ಲಿ ಪೇಟೆಯ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಇಸಿಜಿ ತೆಗೆದು, ಅದೇ ಜೀಪಿನಲ್ಲಿ ಮೈಸೂರಿಗೆ ಕಳಿಸಿದರು. ದೊಡ್ಡಪ್ಪ ಉಳಿದುಕೊಂಡರು, ಮುಂದೆ ಹದಿನಾರು ವರ್ಷ ಬದುಕಿದರು. 'ಹಾರ್ಟ್ ಪೇಷೆಂಟ್' ಎಂದು ಅವರಿಗೆ ಉಪ್ಪಿಲ್ಲದ ಸಾರು, ಎಣ್ಣೆಯಿಲ್ಲದ ಪಲ್ಯ ಎಲ್ಲವನ್ನೂ ದೊಡ್ಡಮ್ಮ ಬೇರೆಯಾಗಿ ಮಾಡುತ್ತಿದ್ದರು.

1992ರ ಪುತ್ತರಿ ಹಬ್ಬಕ್ಕೆ ನಾನು ಮೈಸೂರಿನಿಂದ ಹೋಗಿದ್ದೆ. ಆಗ ಬಿ.ಎಡ್. ಓದುತ್ತಿದ್ದೆ. ದೊಡ್ಡಮ್ಮನಿಗೆ 58 ವರ್ಷ. ಸಕ್ಕರೆ ಕಾಯಿಲೆ ಇತ್ತು. ಮನೆ ತುಂಬ ನೆಂಟರು. ತಂಬುಟ್ಟಿಗೆ ಬಾಳೆಹಣ್ಣು ಕಿವುಚುತ್ತಿದ್ದವರು ಇದ್ದಕ್ಕಿದ್ದಂತೆ ಗೋಡೆಗೆ ಒರಗಿ ಕುಳಿತರು. ಬೆವರು, ವಾಕರಿಕೆ, ದವಡೆಯಲ್ಲಿಯೂ ಬೆನ್ನಿನಲ್ಲಿಯೂ ಎಳೆತ. ಏನಾಯಿತೆಂದು ಕೇಳಿದ್ದಕ್ಕೆ, "ಏನಿಲ್ಲ ಮಗಾ, ವಾಯು. ಎರಡು ದಿನದಿಂದ ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ನೋಡು" ಎಂದರು. ಓಮದ ನೀರು ಕುಡಿದು ಮತ್ತೆ ಎದ್ದರು. ರಾತ್ರಿ ಕದಿರು ಮನೆಗೆ ಬಂದಾಗ ಎಲ್ಲರಿಗೂ ಬಡಿಸಿದ್ದು ಅವರೇ. ಮರುದಿನ ಮಧ್ಯಾಹ್ನ ನಾಲ್ಕು ಮೆಟ್ಟಿಲು ಹತ್ತಲೂ ಆಗದೆ ಹೋದಾಗ, ದೊಡ್ಡಪ್ಪನನ್ನು ಮೈಸೂರಿಗೆ ಕಳಿಸಿದ್ದ ಅದೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಹಬ್ಬದ ಊಟದ ಸುದ್ದಿ ಕೇಳಿ, ಹೊಟ್ಟೆ ಒತ್ತಿ ನೋಡಿ, ಗ್ಯಾಸಿಗೆ ಮಾತ್ರೆ ಬರೆದುಕೊಟ್ಟರು. ಇಸಿಜಿ ಯಂತ್ರ ಅಲ್ಲಿಯೇ ಮೂಲೆಯಲ್ಲಿತ್ತು. ನಾಲ್ಕನೆಯ ದಿನ ದೊಡ್ಡಮ್ಮ ತೀರಿಕೊಂಡರು.

ಅದು ಹೃದಯಾಘಾತವೇ ಎಂದು ಖಚಿತವಾಗಿ ಹೇಳಲು ಈಗ ಯಾರಿಂದಲೂ ಆಗದು, ಪರೀಕ್ಷೆಯೇ ಆಗಿರಲಿಲ್ಲವಲ್ಲ. ನಮ್ಮ ಮನೆಯ ಮಾತಿನಲ್ಲಿ ಇಂದಿಗೂ ದೊಡ್ಡಪ್ಪ ಹೋದದ್ದು 'ಹಾರ್ಟಿನಿಂದ', ದೊಡ್ಡಮ್ಮ ಹೋದದ್ದು 'ಗ್ಯಾಸಿನಿಂದ'. ಗಂಡೆದೆ, ಹೆಂಗರುಳು ಎಂಬ ಹಳೆಯ ಪಾಲು ಸಾವಿನಲ್ಲಿಯೂ ಹಾಗೆಯೇ ಉಳಿಯಿತು.

ಆ ವೈದ್ಯರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಅವರು ಓದಿದ್ದ ಪುಸ್ತಕಗಳೂ ಗಂಡಸಿನ ಎದೆಯನ್ನು ನೋಡಿಯೇ ಬರೆದಂಥವು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಗಂಡಸರು ಮತ್ತು ಹೆಂಗಸರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದದ್ದರಿಂದಲೇ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದ್ರೋಗಕ್ಕೆ ದಾರಿಯೆಂದು ಜಗತ್ತಿಗೆ ತಿಳಿದದ್ದು. ಅಲ್ಲಿ ಹೆಂಗಸರನ್ನು ಬಿಟ್ಟಿರಲಿಲ್ಲ. ಆದರೆ ನಂತರದ ಎಷ್ಟೋ ದೊಡ್ಡ ಪ್ರಯೋಗಗಳಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಆಸ್ಪಿರಿನ್ ಮಾತ್ರೆ ಹೃದಯಾಘಾತವನ್ನು ತಡೆಯುತ್ತದೆಯೇ ಎಂದು ನೋಡಿದ, 1980ರ ದಶಕದ ಒಂದು ಹೆಸರಾಂತ ಅಧ್ಯಯನದಲ್ಲಿ 22,071 ವೈದ್ಯರು ಭಾಗವಹಿಸಿದ್ದರು. ಅಷ್ಟು ಜನರಲ್ಲಿ ಒಬ್ಬಳೇ ಒಬ್ಬ ಹೆಂಗಸಿರಲಿಲ್ಲ.

ಇದನ್ನು ಗಟ್ಟಿಯಾಗಿ ಹೇಳಿದವರು ಬರ್ನಡೈನ್ ಹೀಲಿ ಎಂಬ ಹೃದ್ರೋಗ ತಜ್ಞೆ. 1991ರಲ್ಲಿ, ಅಂದರೆ ನಮ್ಮ ದೊಡ್ಡಮ್ಮ ತೀರಿಕೊಳ್ಳುವ ಹಿಂದಿನ ವರ್ಷ, ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಪ್ರಸಿದ್ಧವಾಯಿತು. ಐಸಾಕ್ ಸಿಂಗರ್ ಅವರ ಕಥೆಯೊಂದರಲ್ಲಿ ಯೆಂಟಲ್ ಎಂಬ ಹುಡುಗಿ ಶಾಸ್ತ್ರ ಓದುವ ಆಸೆಯಿಂದ ಗಂಡು ವೇಷ ಹಾಕುತ್ತಾಳೆ. ಹೃದ್ರೋಗಿ ಹೆಂಗಸರ ಗತಿಯೂ ಅದೇ ಎಂದರು ಹೀಲಿ. ಗಂಡಸಿಗೆ ಬರುವಂಥ ಕಾಯಿಲೆಯೇ ತನಗೂ ಬಂದಿದೆಯೆಂದು ತೋರಿಸಿಕೊಟ್ಟ ಮೇಲಷ್ಟೇ ಅವಳಿಗೆ ಗಂಡಸಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ. ಅದೇ ವರ್ಷ ಹೀಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಮೊದಲ ಮಹಿಳಾ ನಿರ್ದೇಶಕಿಯಾದರು.

ಹಾಗೆಂದು ಈ ಚರಿತ್ರೆಯಲ್ಲಿ ಹೆಂಗಸರು ಬರೀ ಮರೆತುಹೋದ ರೋಗಿಗಳಾಗಿ ಉಳಿದಿಲ್ಲ. ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈ ನೀಲಿಗಟ್ಟುತ್ತಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಯೋಚಿಸಿದವರು ಹೆಲೆನ್ ಟೌಸಿಗ್. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮಕ್ಕಳ ಎದೆಯ ಮೇಲೆ ಅಂಗೈಯಿಟ್ಟು ಬಡಿತ ತಿಳಿಯುತ್ತಿದ್ದರು. ಅವರ ಯೋಚನೆಯಂತೆ 1944ರಲ್ಲಿ ಬ್ಲೇಲಾಕ್ ಮೊದಲ ಶಸ್ತ್ರಚಿಕಿತ್ಸೆ ಮಾಡಿದರು. ಆ ರೋಗಿ ಒಂದು ಹೆಣ್ಣುಕೂಸು. 1953ರಲ್ಲಿ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮೊಟ್ಟಮೊದಲು ಯಶಸ್ವಿಯಾಗಿ ಹೃದಯ ತೆರೆದು ಸರಿಪಡಿಸಿದ್ದು 18 ವರ್ಷದ ಹುಡುಗಿಯೊಬ್ಬಳಿಗೆ.

ಟೌಸಿಗ್ ಅವರ ಬಳಿ ಕಲಿತು ಬಂದವರು ನಮ್ಮ ಡಾ. ಎಸ್. ಪದ್ಮಾವತಿ. ಬರ್ಮಾದಲ್ಲಿ 1917ರಲ್ಲಿ ಹುಟ್ಟಿ, ರಂಗೂನಿನಲ್ಲಿ ವೈದ್ಯೆಯಾಗಿ, 1942ರಲ್ಲಿ ಯುದ್ಧದ ಕಾರಣ ತಾಯಿ ಮತ್ತು ಸೋದರಿಯರೊಡನೆ ಕೊಯಮತ್ತೂರಿಗೆ ಓಡಿಬಂದವರು. ಮುಂದೆ ಲಂಡನ್ ಮತ್ತು ಅಮೆರಿಕದಲ್ಲಿ ಓದಿ, 1953ರಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಸೇರಿ, ಅಲ್ಲಿ ಹೃದ್ರೋಗ ಚಿಕಿತ್ಸಾಲಯ ಕಟ್ಟಿದರು. ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ. 2020ರಲ್ಲಿ, 103ನೇ ವಯಸ್ಸಿನಲ್ಲಿ, ಕೋವಿಡ್‌ನಿಂದ ತೀರಿಕೊಂಡರು. ಅವರ ಒಂದು ಕೆಲಸವನ್ನು ನಾವು ಅಡುಗೆಮನೆಯಲ್ಲಿ ನೆನೆಯಬೇಕು. ಶ್ವಾಸಕೋಶ ಕೆಟ್ಟು ಅದರ ಭಾರ ಹೃದಯದ ಬಲಭಾಗದ ಮೇಲೆ ಬೀಳುವ ಕಾಯಿಲೆಯೊಂದಿದೆ. ಹೊರದೇಶಗಳಲ್ಲಿ ಅದು ಬೀಡಿ ಸಿಗರೇಟಿನ ಗಂಡಸರ ಕಾಯಿಲೆಯೆಂದು ಹೆಸರಾಗಿತ್ತು. ದೆಹಲಿಯಲ್ಲಿ ಆ ಕಾಯಿಲೆ ಹೆಂಗಸರಿಗೂ, ಅದೂ ಚಿಕ್ಕ ವಯಸ್ಸಿಗೇ ಬರುತ್ತಿದೆಯೆಂದು ಪದ್ಮಾವತಿ ಮತ್ತು ಅವರ ಸಹೋದ್ಯೋಗಿ 1959ರಲ್ಲಿ ಬರೆದರು. ಅಡುಗೆ ಒಲೆಯ ಹೊಗೆಯ ಕಡೆಗೆ ಬೆರಳು ತೋರಿಸಿದರು. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡ ಕೊಡಗಿನ ನಮ್ಮ ಅಜ್ಜಿಯರಿಗೆ ಇದನ್ನು ಹೇಳುವವರು ಆಗ ಯಾರಿದ್ದರು? ಅಟ್ಟದ ಏಲಕ್ಕಿ, ಮಾಂಸ ಒಣಗಲು ಹೊಗೆ ಬೇಕೆಂದು ಮಾತ್ರ ನಮಗೆ ಗೊತ್ತಿತ್ತು. ಈಗ ಹೆಚ್ಚಿನ ಮನೆಗಳಿಗೆ ಗ್ಯಾಸ್ ಒಲೆ ಬಂದಿದೆ. ಸ್ನಾನದ ಹಂಡೆಗೆ ಇನ್ನೂ ಸೌದೆ ಉರಿಸುವವರು ಹೊಗೆ ಹೊರಹೋಗಲು ದಾರಿ ಮಾಡಿಕೊಳ್ಳಬೇಕು.

ಶಾಲೆಯಲ್ಲಿರುವ ನಮಗೆ ತಿಳಿದಿರಬೇಕಾದ ಇನ್ನೊಂದು ಹೃದ್ರೋಗವಿದೆ. ಜೂನ್ ಜುಲೈ ಮಳೆಯಲ್ಲಿ ನೆನೆದು ಬರುವ ಮಕ್ಕಳಿಗೆ ಗಂಟಲುನೋವು ಮಾಮೂಲು. ಒಂದು ಜಾತಿಯ ರೋಗಾಣುವಿನಿಂದ ಬಂದ ಗಂಟಲುನೋವಿಗೆ ಸರಿಯಾದ ಔಷಧಿ ಬೀಳದಿದ್ದರೆ, ಕೆಲವು ಮಕ್ಕಳಿಗೆ ಎರಡು ಮೂರು ವಾರಗಳ ನಂತರ ಜ್ವರ ಬಂದು ಮಂಡಿ, ಮೊಣಕೈ ಕೀಲುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಕೀಲುನೋವು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟಗಳಿಗೆ ಬಿದ್ದ ಪೆಟ್ಟು ಉಳಿದುಬಿಡಬಹುದು. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಇದು ಬೆಳಕಿಗೆ ಬರುವುದು ಮದುವೆಯಾಗಿ ಬಸುರಿಯಾದಾಗ, ಹೃದಯದ ಕೆಲಸ ಹೆಚ್ಚಾಗಿ ಏದುಸಿರು ಶುರುವಾದಾಗ. ಮೊದಲೇ ಪತ್ತೆಯಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು ಕವಾಟವನ್ನು ಮತ್ತಷ್ಟು ಹಾಳಾಗದಂತೆ ಕಾಯಬಹುದು. ಕೀಲು ಊದಿಕೊಂಡ ಮಗುವನ್ನು 'ಬೆಳೆಯುವ ನೋವು' ಎಂದು ಸುಮ್ಮನಾಗಿಸದೆ ವೈದ್ಯರಿಗೆ ತೋರಿಸಲು ಹೇಳುವುದು ಶಿಕ್ಷಕಿಯರ ಕೆಲಸವೂ ಹೌದು.

ಹೃದಯಾಘಾತದ ಚಿಕಿತ್ಸೆಯಲ್ಲಿ ದೊಡ್ಡ ತಿರುವು ಬಂದದ್ದು 1980ರ ದಶಕದಲ್ಲಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಜೀವ ಉಳಿಸುತ್ತದೆಂದು 1986ರಲ್ಲಿ ಇಟಲಿಯಿಂದ ವರದಿ ಬಂತು. ಅದರ ಜೊತೆಗೆ ಅಗ್ಗದ ಆಸ್ಪಿರಿನ್ ಮಾತ್ರೆಯೂ ಸೇರಿದರೆ ಇನ್ನಷ್ಟು ಜನ ಉಳಿಯುತ್ತಾರೆಂದು 1988ರಲ್ಲಿ 17,187 ರೋಗಿಗಳ ಅಧ್ಯಯನ ತೋರಿಸಿತು. ಎರಡರಲ್ಲೂ ಒಂದು ಮಾತು ಸ್ಪಷ್ಟವಾಗಿತ್ತು: ಚುಚ್ಚುಮದ್ದು ಎಷ್ಟು ಬೇಗ ಸಿಕ್ಕಿದರೆ ಅಷ್ಟು ಲಾಭ. ಅಲ್ಲಿಂದ ಮುಂದೆ ಹೃದಯಾಘಾತ ಗಡಿಯಾರದ ಕಾಯಿಲೆಯಾಯಿತು.

ಆದರೆ ನಮ್ಮವರು ಎಷ್ಟು ಬೇಗ ಆಸ್ಪತ್ರೆ ತಲುಪುತ್ತಾರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ ಮುಂದಾಳುತನದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ, 2008ರಲ್ಲಿ ಪ್ರಕಟಿಸಿದರು. ನೋವು ಶುರುವಾದ ಗಳಿಗೆಯಿಂದ ಆಸ್ಪತ್ರೆ ತಲುಪಲು ನಡುವಿನ ಲೆಕ್ಕದಲ್ಲಿ 360 ನಿಮಿಷ, ಅಂದರೆ ಆರು ಗಂಟೆ ಹಿಡಿದಿತ್ತು. ಅದೇ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರು 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೆರಡು ವಿಷಯ ಹೇಳಿತು. ದಕ್ಷಿಣ ಏಷ್ಯಾದ ನಮಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಆರು ವರ್ಷ ಮೊದಲೇ ಬರುತ್ತದೆ. ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೊಂಟದ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ಮೈ ಬಗ್ಗಿಸದಿರುವುದು ಇಂಥ ಒಂಬತ್ತು ಅಂಶಗಳೇ ಮೊದಲ ಹೃದಯಾಘಾತದ ಅಪಾಯದ ಹೆಚ್ಚಿನ ಪಾಲಿಗೆ ಕಾರಣ. ಇದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಹೆಣ್ಣಿಗೆ ಸಾಮಾನ್ಯವಾಗಿ ಎಂಟು ಒಂಬತ್ತು ವರ್ಷ ತಡವಾಗಿ ಬರುತ್ತದೆ, ಅಷ್ಟೆ. ಮುಟ್ಟು ನಿಂತ ಮೇಲೆ ಆ ರಿಯಾಯಿತಿ ಕರಗುತ್ತ ಹೋಗುತ್ತದೆ.

ಬಸುರಿಯಾಗಿದ್ದಾಗ ರಕ್ತದೊತ್ತಡ ಏರಿದ್ದವರು, ಆಗ ಸಕ್ಕರೆ ಕಾಣಿಸಿಕೊಂಡಿದ್ದವರು, ಹೆರಿಗೆಯಾದ ಮೇಲೆ ಸರಿಹೋಯಿತೆಂದು ಅದನ್ನು ಮರೆತುಬಿಡುತ್ತಾರೆ. ಅಂಥವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು ಎಂದು ಈಗ ತಿಳಿದಿದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಲಕ್ಷಣಗಳ ಮಾತಿಗೆ ಬಂದರೆ, ಹೆಂಗಸರಿಗೂ ಎದೆಯ ನೋವು, ಬಿಗಿತವೇ ಮುಖ್ಯ ಲಕ್ಷಣ. ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಬೆನ್ನು, ತೋಳುಗಳಲ್ಲಿ ಎಳೆತ, ಏದುಸಿರು, ವಾಕರಿಕೆ, ತಣ್ಣನೆಯ ಬೆವರು, ಹಿಂದೆಂದೂ ಇಲ್ಲದ ಸುಸ್ತು ಕಾಣಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವು ಮಂದವಾಗಿರುವುದೂ ಉಂಟು. ಇನ್ನು ಮಲಗಿದರೆ ಉಸಿರು ಕಟ್ಟುವುದು, ಸಂಜೆಗೆ ಪಾದ ಊದಿಕೊಳ್ಳುವುದು ಹೃದಯ ದಣಿದಿರುವ ಗುರುತಾಗಿರಬಹುದು. ಇವೆಲ್ಲ ಗ್ಯಾಸೇ ಆಗಿದ್ದರೂ ಆಗಿರಲಿ. ಇಸಿಜಿ ನೋಡಿದ ವೈದ್ಯರು ಆ ಮಾತು ಹೇಳಲಿ.

ನಮ್ಮ ಕೊಡಗಿಗೆ ದೂರದ ಸಮಸ್ಯೆ ಬೇರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. ಮಂಗಳೂರಿಗೆ ಹೋಗೋಣವೆಂದರೆ ಘಟ್ಟ ಇಳಿಯಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿದ್ದನ್ನು ನಾವಾರೂ ಮರೆತಿಲ್ಲ. ಇದರ ನಡುವೆ ಒಳ್ಳೆಯ ಬದಲಾವಣೆಗಳೂ ಆಗಿವೆ. 2008ರಿಂದ 108 ಆಂಬುಲೆನ್ಸ್ ಇದೆ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಮೈಸೂರಿನಲ್ಲಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡೆಲ್ಲ ಅತ್ತಿತು. 2023ರಲ್ಲಿ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಬೇಕೆಂದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಆದರೆ ಇಸಿಜಿ ಯಂತ್ರ ತಾನಾಗಿ ನಮ್ಮ ಅಡುಗೆಮನೆಗೆ ಬರುವುದಿಲ್ಲ. ನಾವು ಅಲ್ಲಿಗೆ ಹೋಗಬೇಕು.

2025ರ ಜೂನಿನಲ್ಲಿ ನೆರೆಯ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬಂದಾಗ, ಹೆದರಿದ ಜನ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆ ಕಂಡುಬಂದಿಲ್ಲವೆಂದು ವರದಿ ಕೊಟ್ಟಿತು. ಭಯ ಬಂದಾಗ ಒಂದು ದಿನ ಓಡುವುದಕ್ಕಿಂತ ವರ್ಷವಿಡೀ ರಕ್ತದೊತ್ತಡದ ಮಾತ್ರೆಯನ್ನು ಬಿಡದೆ ನುಂಗುವುದು ಹೆಚ್ಚು ಉಪಯುಕ್ತ. ತಲೆ ತಿರುಗಲಿಲ್ಲ, ಆದ್ದರಿಂದ ಬಿ.ಪಿ. ಇಲ್ಲ ಎಂದು ಮಾತ್ರೆ ನಿಲ್ಲಿಸುವವರನ್ನು ನಾನು ನಮ್ಮ ಸ್ಟಾಫ್ ರೂಮಿನಲ್ಲಿಯೇ ನೋಡುತ್ತೇನೆ. ರಕ್ತದೊತ್ತಡ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದೆ ಕೆಲಸ ಮಾಡುತ್ತದೆ.

ಕೊಡಗಿನಲ್ಲಿ ನಿಂತು ಪಂದಿಕರಿ ಬಿಡಿ ಎಂದು ಹೇಳುವ ಗಂಡೆದೆ ನನಗಿಲ್ಲ. ಹಬ್ಬಕ್ಕೆ ತಿಂದದ್ದು ಹಬ್ಬಕ್ಕೆ ಮುಗಿಯಲಿ ಎಂದಷ್ಟೇ ಹೇಳಬಲ್ಲೆ. ಹಿಂದಿನವರು ನಾಟಿ, ಕೊಯ್ಲು, ತೋಟವೆಂದು ದಿನವೆಲ್ಲ ಬೆವರು ಸುರಿಸಿ ತಿಂದದ್ದನ್ನು ನಾವು ಪೇಟೆಯ ಮನೆಗಳಲ್ಲಿ ಕುಳಿತು ತಿನ್ನುತ್ತಿದ್ದೇವೆ. ಉಪ್ಪಿನಕಾಯಿ, ಒಣಮೀನಿನ ಉಪ್ಪನ್ನು ಕಡಿಮೆ ಮಾಡಬಹುದು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬಹುದು. ಎಲ್ಲರಿಗೂ ಬಡಿಸಿ, ಉಳಿದ ಕರಿದ ತಿಂಡಿ ಚೆಲ್ಲಬಾರದೆಂದು ಅದನ್ನು ನಮ್ಮ ಹೊಟ್ಟೆಗೆ ಸುರಿದುಕೊಳ್ಳುವ ಅಭ್ಯಾಸವನ್ನೂ ಬಿಡಬಹುದು. ಗಂಡನಿಗೆ ಮಾಡುವ ಉಪ್ಪಿಲ್ಲದ ಸಾರಿನಲ್ಲಿ ನಮಗೂ ಒಂದು ಪಾಲಿರಲಿ.

ಕೊನೆಯದಾಗಿ ಚರಿತ್ರೆಯ ಶಿಕ್ಷಕಿಯಾಗಿ ನಿಮಗೊಂದು ಮನೆಗೆಲಸ. ಹೃದಯದ ವೈದ್ಯರ ಬಳಿ ಹೋದರೆ, "ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂದು ಮೊದಲೇ ಕೇಳುತ್ತಾರೆ. ತಂದೆ, ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ, ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ನಮ್ಮ ಅಪಾಯ ಹೆಚ್ಚು ಎಂಬುದು ಲೆಕ್ಕ. ತಂದೆಯ ಕಡೆಯ ಗಂಡಸರ ವಿಷಯ ನಾವು ಸಲೀಸಾಗಿ ಹೇಳುತ್ತೇವೆ. ತಾಯಿಯ ಕಡೆಗೆ ಬಂದಾಗ ತಡವರಿಸುತ್ತೇವೆ. ಮುಂದಿನ ಹಬ್ಬಕ್ಕೆ ಮನೆಯವರೆಲ್ಲ ಸೇರಿದಾಗ ಹಿರಿಯರನ್ನು ಕೇಳಿ: ಅಜ್ಜಿ ಯಾವ ವಯಸ್ಸಿಗೆ ಹೋದರು, ಕೊನೆಯ ದಿನಗಳಲ್ಲಿ ಏನಾಗುತ್ತಿತ್ತು ಎಂದಿದ್ದರು, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಿತ್ತೇ, ಬಸಿರಿನಲ್ಲಿ ಕಾಲು ಊದಿತ್ತೇ? ಕೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಹೆಸರು, ವಯಸ್ಸಿನೊಡನೆ ಬರೆದಿಡಿ. ನಿಮ್ಮ ಮಗಳು ಒಂದು ದಿನ ವೈದ್ಯರ ಮುಂದೆ ಕುಳಿತಾಗ ಅದು ಅವಳ ಕೈಯಲ್ಲಿರಲಿ.